ಆಕಾಶದಿಂದ ತೆಗೆದ ಚಿತ್ರಗಳನ್ನು ಕೊಟ್ಟವರು

ಅವರು ಹೋದ ತಿಂಗಳು ತೀರಿಕೊಂಡರು. ಸುದ್ದಿ ತಿಳಿಸಿದವನು ಸತೀಶ. ಅವರ ನೆನಪಿಗೆ ಒಂದು ಸಣ್ಣ ಪುಸ್ತಕ ಮಾಡುತ್ತಾರಂತೆ, ಎಲ್ಲರೂ ಎರಡೆರಡು ಮಾತು ಬರೆಯುತ್ತಿದ್ದಾರೆ, ನೀವೂ ಬರೆಯಿರಿ ಅಂದ. ನಾನು ಬರೆದರೆ ಅದನ್ನು ಯಾರೂ ಅಚ್ಚು ಹಾಕುವುದಿಲ್ಲ ಅಂದೆ. ಅವನು, "ಆದ್ರೂ ಬರೀರಿ" ಅಂದ. ಅದಕ್ಕೇ ಬರೆಯುತ್ತಿದ್ದೇನೆ. ಅವರ ಹೆಸರು ಹಾಕುವುದಿಲ್ಲ. ಅವರ ಹೆಂಡತಿ ಗಾಂಧಿ ಬಜಾರಿನಲ್ಲಿ ನಾನು ಹೂ ಕೊಳ್ಳುವ ಕಡೆಯೇ ಕೊಳ್ಳುತ್ತಾರೆ. ಆಕೆ ನಮಗೆ ಏನೂ ಮಾಡಿದವರಲ್ಲ.

ಅವರನ್ನು ನೆನೆದರೆ ಮೊದಲು ಕಣ್ಣಿಗೆ ಬರುವುದು ಅವರ ಬಲಗೈ. ಎದುರಿಗಿದ್ದವರು ಏನಾದರೂ ಕೇಳಿದರೆ ಅಂಗೈ ಕೆಳಗೆ ಮಾಡಿ, ಮಗುವಿನ ತಲೆ ಸವರುವ ಹಾಗೆ ಗಾಳಿಯಲ್ಲಿ ಆಡಿಸುತ್ತಿದ್ದರು. ಜೊತೆಗೇ ಮಾತು: "ಅದೆಲ್ಲ ನಾನ್ ನೋಡ್ಕೋತೀನಿ ಬಿಡಿ." ಹೋಟೆಲಿಗೆ ಹೋದರೆ ಯಾರನ್ನೂ ಕೇಳದೆ ಎಲ್ಲರಿಗೂ ಖಾಲಿ ದೋಸೆ ಹೇಳಿಬಿಡುತ್ತಿದ್ದರು. ಒಮ್ಮೆ ನನಗೆ ಇಡ್ಲಿ ಬೇಕಿತ್ತು, ಹೇಳಿದೆ. ಇಲ್ಲಿ ದೋಸೆಯೇ ಚೆನ್ನಾಗಿರುವುದು ಎಂದು ನಕ್ಕರು. ದೋಸೆಯೇ ಬಂತು. ಎಲ್ಲರ ಹೆಸರು, ಎಲ್ಲರ ಮನೆಯ ಸಮಾಚಾರ ಅವರಿಗೆ ನೆನಪಿರುತ್ತಿತ್ತು. ಯಾರ ಮಗನಿಗೆ ಯಾವ ಕಾಲೇಜು ಸಿಕ್ಕಿತು, ಯಾರ ತಾಯಿಗೆ ಕಣ್ಣಿನ ಆಪರೇಷನ್ ಆಯಿತು ಎಂದು ಕೇಳುತ್ತಿದ್ದರು. ಕೇಳಿ, ಉತ್ತರ ಬರುವಷ್ಟರಲ್ಲಿ ಮುಂದಿನವರ ಕಡೆ ತಿರುಗಿರುತ್ತಿದ್ದರು. ಇದನ್ನು ಜನ ಪ್ರೀತಿ ಅಂದುಕೊಂಡರು.

ನಾವು ಆಗ ಏನು ಮಾಡುತ್ತಿದ್ದೆವು ಎಂದು ಹೇಳಬೇಕು. ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ಊರಿನ ನಕ್ಷೆ ಬೇಕೆಂದರೆ ಪುಸ್ತಕದಂಗಡಿಯಲ್ಲಿ ಮಡಚಿದ ಕಾಗದ ಸಿಗುತ್ತಿತ್ತು. ಅಡ್ಡರಸ್ತೆಗಳಲ್ಲಿ ಅರ್ಧ ಅದರಲ್ಲಿ ಇರಲಿಲ್ಲ. ಕಂಪ್ಯೂಟರಿನಲ್ಲಿ ಕಂಪನಿಗಳ ನಕ್ಷೆಗಳು ಆಗತಾನೆ ಬರುತ್ತಿದ್ದವು. ಅವನ್ನು ನೋಡಬಹುದಿತ್ತೇ ಹೊರತು ತೆಗೆದುಕೊಂಡು ನಮ್ಮ ಕೆಲಸಕ್ಕೆ ಬಳಸುವ ಹಾಗಿರಲಿಲ್ಲ. ಯಾರು ಬೇಕಾದರೂ ಬಳಸಬಹುದಾದ, ಯಾರು ಬೇಕಾದರೂ ತಿದ್ದಬಹುದಾದ ನಕ್ಷೆಯೊಂದನ್ನು ನಾವೇ ಮಾಡೋಣ ಎಂದು ಮಲ್ಲೇಶ್ವರದ ಸತೀಶ ಒಂದಷ್ಟು ಜನರನ್ನು ಸೇರಿಸಿದ. ಅವನು ಎಂಜಿನಿಯರು, ನಾನು ವಿಮಾ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದೆ. ಭಾನುವಾರ ಬೆಳಿಗ್ಗೆ ಬಸವನಗುಡಿಯಲ್ಲಿ ಅವನ ಚಿಕ್ಕಪ್ಪನ ಟ್ಯೂಷನ್ ಕೋಣೆಯಲ್ಲಿ ಸೇರುತ್ತಿದ್ದೆವು. ಅಂಗೈಯಗಲದ ಜಿಪಿಎಸ್ ಯಂತ್ರ ಹಿಡಿದು ಬೀದಿಬೀದಿ ಅಲೆಯುತ್ತಿದ್ದೆವು. ನಾವು ನಡೆದ ದಾರಿಯನ್ನು ಯಂತ್ರ ಗೆರೆಯಾಗಿ ಬರೆದುಕೊಳ್ಳುತ್ತಿತ್ತು. ಮನೆಗೆ ಬಂದು ಆ ಗೆರೆಯನ್ನು ಕಂಪ್ಯೂಟರಿಗೆ ಇಳಿಸಿ ಬೀದಿಯ ಹೆಸರು ಬರೆದರೆ ನಕ್ಷೆಯಲ್ಲಿ ಒಂದು ಬೀದಿ ಮೂಡುತ್ತಿತ್ತು. ಮಾವಳ್ಳಿಯ ಗಲ್ಲಿಯೊಂದರಲ್ಲಿ ಒಬ್ಬಾಕೆ ನನ್ನನ್ನು ತಡೆದು, ರೋಡು ಅಗಲ ಮಾಡುವವರ ಕಡೆಯವಳೋ ಎಂದು ಕೇಳಿದ್ದಳು. ಅಲ್ಲವೆಂದು ಅವಳನ್ನು ನಂಬಿಸುವಷ್ಟರಲ್ಲಿ ಬಿಸಿಲೇರಿತ್ತು.

ನನ್ನ ಅಕ್ಕ ಈ ಗುಂಪಿಗೆ ಸೇರಿದ್ದು ಮನೆಯಿಂದಲೇ. ಅಕ್ಕ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದವಳು. ಬಸ್ಸಿನಿಂದ ಇಳಿಯುವಾಗ ಬಿದ್ದು ಸೊಂಟ ಮುರಿದು, ಎರಡು ಸಲ ಆಪರೇಷನ್ ಆದ ಮೇಲೂ ಸರಿಹೋಗಲಿಲ್ಲ. ನಮ್ಮದು ಚಾಮರಾಜಪೇಟೆಯಲ್ಲಿ ಮಹಡಿ ಮನೆ, ಮೆಟ್ಟಿಲು ಕಡಿದು. ಆಸ್ಪತ್ರೆಗೆ ಹೋಗುವ ದಿನ ಬಿಟ್ಟರೆ ಅವಳು ಕೆಳಗಿಳಿದವಳೇ ಅಲ್ಲ. ಕುರ್ಚಿಗೆ ದಿಂಬು ಕೊಟ್ಟು ಕಂಪ್ಯೂಟರಿನ ಮುಂದೆ ಕೂರಿಸಿದರೆ, ನಾನು ನಡೆದು ತಂದ ಗೆರೆಗಳಿಗೆ ಹೆಸರು ಹಾಕುತ್ತಿದ್ದಳು. ನಾನು ಕಾಣದೆ ಬಿಟ್ಟ ಓಣಿಗಳನ್ನು ನೆನಪಿನಿಂದ ಹೇಳಿ ಮುಂದಿನ ಭಾನುವಾರ ಮತ್ತೆ ಓಡಿಸುತ್ತಿದ್ದಳು.

ಅವರು ಬಂದದ್ದು ಆಗ. ವಿಮಾನದಿಂದಲೂ ಉಪಗ್ರಹದಿಂದಲೂ ನೆಲದ ಚಿತ್ರ ತೆಗೆದು ಮಾರುವ ಕಂಪನಿಯೊಂದರಲ್ಲಿ ಅವರು ದೊಡ್ಡ ಹುದ್ದೆಯಲ್ಲಿದ್ದರು. ಹುಟ್ಟಿ ಬೆಳೆದದ್ದು ಬಸವನಗುಡಿ, ಮನೆ ಗವಿಪುರ. ಸತೀಶನ ಸ್ನೇಹಿತನೊಬ್ಬನಿಂದ ನಮ್ಮ ವಿಷಯ ತಿಳಿದು ಒಂದು ಭಾನುವಾರ ಟ್ಯೂಷನ್ ಕೋಣೆಗೆ ಬಂದರು. ಕೈಯಿರುವ ಕುರ್ಚಿ ಅಲ್ಲಿ ಒಂದೇ ಇತ್ತು, ಅದರಲ್ಲಿ ಕೂತರು. ನಮ್ಮ ಗೆರೆಗಳನ್ನು ನೋಡಿ, ಕೋಳಿ ಕೆದರಿದ ಹಾಗಿದೆ ಎಂದು ನಕ್ಕರು. ಹೀಗೆ ನಡೆದು ನಡೆದು ಯಾವ ಕಾಲಕ್ಕೆ ಮುಗಿಸುತ್ತೀರಿ ಎಂದು ಕೇಳಿದರು. ಆಮೇಲೆ ತಮ್ಮ ಲ್ಯಾಪ್‌ಟಾಪ್ ತೆರೆದು ತೋರಿಸಿದರು. ಲಾಲ್‌ಬಾಗಿನ ಕೆರೆ, ಬಂಡೆ, ಅದರ ಪಕ್ಕದ ಒತ್ತೊತ್ತು ತಾರಸಿಗಳು. ನಾವೆಲ್ಲ ಎದ್ದು ಪರದೆಯ ಸುತ್ತ ಸೇರಿದೆವು. ಈ ಚಿತ್ರದ ಮೇಲೆ ನೇರವಾಗಿ ಗೆರೆ ಎಳೆದುಕೊಳ್ಳಿ, ಕಂಪನಿಯ ಅಡ್ಡಿಯಿಲ್ಲ ಅಂದರು.

ಸತೀಶ ಅದನ್ನು ಬರವಣಿಗೆಯಲ್ಲಿ ಕೊಡಬಹುದೇ ಎಂದು ಕೇಳಿದ. ಅವರ ಮುಖ ಒಮ್ಮೆಲೇ ಗಟ್ಟಿಯಾಯಿತು.

"ನಾನೇ ಬಂದು ಕೂತು ಹೇಳ್ತಿದೀನಿ. ನನ್ ಮಾತು ಸಾಲ್ದಾ?"

ನಮಗೆಲ್ಲ ನಾಚಿಕೆಯಾಯಿತು. ಯಾರೋ ಕಾಫಿ ತರಿಸಿದರು. ಮಾತು ಅಲ್ಲಿಗೆ ಬಿತ್ತು.

ಆ ಚಿತ್ರಗಳು ಮೊದಲ ಸಲ ಅಕ್ಕನ ಪರದೆಯ ಮೇಲೆ ಬಂದ ಮಧ್ಯಾಹ್ನ ನಾನು ಅವಳ ಹಿಂದೆಯೇ ನಿಂತಿದ್ದೆ. ಆಗಿನ ಇಂಟರ್ನೆಟ್ಟು ನಿಧಾನ. ಚಿತ್ರ ಚೌಕ ಚೌಕವಾಗಿ ಇಳಿಯುತ್ತಿತ್ತು. ನಮ್ಮ ತಾರಸಿ ಬಂತು, ಅದರ ಮೇಲೆ ನೀರಿನ ಕರಿ ಟ್ಯಾಂಕು ಒಂದು ಚುಕ್ಕೆಯ ಹಾಗೆ. ಅಕ್ಕ ಅಲ್ಲಿಂದ ಬೆರಳಿಟ್ಟು ಬೀದಿ ಹಿಡಿದು ಹೋದಳು. ತಿರುವು, ಮೈದಾನ, ಇನ್ನೊಂದು ತಿರುವು. ಅವಳ ಸ್ಕೂಲಿನ ಉದ್ದನೆಯ ಹಂಚಿನ ಮಾಡು ಸಿಕ್ಕಿತು. ಬಹಳ ಹೊತ್ತು ಅದನ್ನೇ ನೋಡಿ, "ಇಷ್ಟೇ ದೂರ ಇತ್ತು ಕಣೇ" ಅಂದಳು. ನಾನು ಒಳಗೆ ಹೋಗಿ ಅನ್ನಕ್ಕಿಟ್ಟೆ.

ಇದನ್ನು ಬಚ್ಚಿಡುವುದಿಲ್ಲ: ಆ ಚಿತ್ರಗಳು ಅಕ್ಕನಿಗೆ ಎರಡನೆಯ ಜೀವ ಕೊಟ್ಟವು. ಬೆಳಿಗ್ಗೆ ತಿಂಡಿಯಾದ ಕೂಡಲೇ ಕೂರುತ್ತಿದ್ದಳು. ಚಾಮರಾಜಪೇಟೆ ಮುಗಿಸಿ ವಿಶ್ವೇಶ್ವರಪುರಂ, ಅದು ಮುಗಿಸಿ ಗವಿಪುರ. ನಾವು ತಿಂಗಳುಗಟ್ಟಲೆ ನಡೆದು ಮಾಡಿದ್ದನ್ನು ಅವಳು ವಾರದಲ್ಲಿ ಮಾಡುತ್ತಿದ್ದಳು. ಸೊಂಟದ ನೋವಿನ ಮಾತು ಕಡಿಮೆಯಾಯಿತು. ರಾತ್ರಿ ಊಟಕ್ಕೆ ಕೂತಾಗ, ಇವತ್ತು ನರಸಿಂಹರಾಜ ಕಾಲೋನಿಯಲ್ಲಿ ಸುತ್ತಿದೆ ಎನ್ನುತ್ತಿದ್ದಳು, ನಿಜವಾಗಿ ಹೋಗಿಬಂದವಳ ಹಾಗೆ.

ಆದರೆ ಉಳಿದವರೆಲ್ಲ ನಡೆಯುವುದನ್ನು ನಿಲ್ಲಿಸಿಬಿಟ್ಟೆವು. ಭಾನುವಾರ ಎಂದರೆ ಕೋಣೆಯಲ್ಲಿ ಪರದೆ ನೋಡುವುದು ಅಂತಾಯಿತು. ಮಲ್ಲೇಶ್ವರದ ಅಡ್ಡರಸ್ತೆಗಳಲ್ಲಿ ಮರಗಳು ದಟ್ಟ. ಮೇಲಿನಿಂದ ನೋಡಿದರೆ ಬರೀ ಹಸಿರು. ಆ ಬೀದಿಗಳು ನಕ್ಷೆಯಲ್ಲಿ ಬರಲೇ ಇಲ್ಲ. ಊರಾಚೆ ಕಂಪನಿಯ ಚಿತ್ರ ಮಸುಕಾಗಿತ್ತು. ಅಲ್ಲಿಗೆ ನಮ್ಮ ಊರೂ ಮುಗಿಯಿತು. ಕಂಪನಿಗೆ ಕಂಡದ್ದೇ ನಮಗೆ ಬೆಂಗಳೂರಾಯಿತು. ಇದನ್ನು ಸತೀಶ ಒಂದು ದಿನ ಎತ್ತಿದಾಗ ಅವರು ಕೈ ಆಡಿಸಿದರು. ಹೊಸ ಚಿತ್ರ ಬರುತ್ತದೆ, ಅದೆಲ್ಲ ನಾನು ನೋಡಿಕೊಳ್ಳುತ್ತೇನೆ ಬಿಡಿ ಅಂದರು.

ಒಮ್ಮೆ ಹೊರದೇಶದಿಂದ ಬಂದ ತಮ್ಮ ಕಂಪನಿಯ ಇಬ್ಬರು ಮೇಲಧಿಕಾರಿಗಳನ್ನು ನಮ್ಮ ಮನೆಗೇ ಕರೆತಂದರು. ಮುಂಚೆ ಹೇಳಿರಲಿಲ್ಲ. ಅಕ್ಕ ಮನೆಯಲ್ಲುಡುವ ಸೀರೆಯಲ್ಲಿದ್ದಳು. ಬಂದವರು ಅವಳ ಕುರ್ಚಿ, ದಿಂಬು, ಗೋಡೆಗೆ ಒರಗಿಸಿದ್ದ ಊರುಗೋಲು ಎಲ್ಲದರ ಫೋಟೋ ತೆಗೆದರು. ಇವರು ಪಕ್ಕದಲ್ಲಿ ನಿಂತು ಇಂಗ್ಲಿಷಿನಲ್ಲಿ ವಿವರಿಸುತ್ತಿದ್ದರು: ಈಕೆ ಮೆಟ್ಟಿಲು ಕೂಡ ಇಳಿಯಲಾರರು, ಆದರೆ ನಮ್ಮ ಚಿತ್ರಗಳಿಂದ ಇಡೀ ಊರು ತಿರುಗುತ್ತಾರೆ. ಅಕ್ಕನಿಗೆ ಇವರಷ್ಟೇ ಇಂಗ್ಲಿಷ್ ಬರುತ್ತಿತ್ತು. ಈ ಚಿತ್ರಗಳು ಯಾವಾಗಿನವು, ಹೊಸವು ಎಂದು ಬರುತ್ತವೆ ಎಂದು ಅವಳು ಬಂದವರನ್ನೇ ನೇರವಾಗಿ ಕೇಳಿದಳು. ಅವರು ಬಾಯಿ ತೆರೆಯುವ ಮೊದಲೇ ಇವರು ನಕ್ಕು, ಮೇಡಂಗೆ ಬಹಳ ಉತ್ಸಾಹ ಅಂದರು. ಉತ್ತರ ಬರಲಿಲ್ಲ. ಕೆಲವು ತಿಂಗಳ ಮೇಲೆ ಕಂಪನಿಯ ಬಣ್ಣದ ಕಿರುಪುಸ್ತಕದಲ್ಲಿ ಅಕ್ಕನ ಫೋಟೋ ಬಂತು. ಊರುಗೋಲು ಚೆನ್ನಾಗಿ ಕಾಣುವ ಹಾಗೆ ತೆಗೆದಿದ್ದರು.

ನಾನು ಅವತ್ತು ಸಿಟ್ಟು ಮಾಡಿದೆ. ಅಕ್ಕ ಮಾಡಲಿಲ್ಲ. ಕೊಟ್ಟಿದ್ದಾರಲ್ಲ, ತೋರಿಸಿಕೊಳ್ಳಲಿ ಬಿಡು ಅಂದಳು.

ಆಮೇಲೆ ಅವರು ವಾರಕ್ಕೊಮ್ಮೆ ಫೋನ್ ಮಾಡತೊಡಗಿದರು. ಗವಿಪುರ ಆಯಿತೇ, ಹನುಮಂತನಗರ ಎಷ್ಟು ಉಳಿಯಿತು, ಬೇಗ ಮುಗಿಸಿಬಿಡಿ ಎಂದು. ಅಕ್ಕ ಬೆನ್ನಿಗೆ ಬಿಸಿನೀರಿನ ಚೀಲ ಕಟ್ಟಿಕೊಂಡು ಕೂತು ಮುಗಿಸಿದಳು. ಹಳೇ ಬೆಂಗಳೂರಿನ ದಕ್ಷಿಣ ಭಾಗ ಬೀದಿ ಬಿಡದೆ ತುಂಬಿತು. ಯಾವುದೋ ದೊಡ್ಡ ಹೋಟೆಲಿನ ಸಭೆಯಲ್ಲಿ ಅವರು ಅದನ್ನು ತೆರೆಯ ಮೇಲೆ ತೋರಿಸಿದರಂತೆ.

ಅದಾಗಿ ಸ್ವಲ್ಪ ದಿನಕ್ಕೆ ಸತೀಶನ ಫೋನ್ ಬಂತು. ಆ ಕಂಪನಿಯನ್ನು ಅದಕ್ಕಿಂತ ದೊಡ್ಡ ಕಂಪನಿ ಕೊಂಡುಕೊಂಡಿತ್ತು. ದೊಡ್ಡ ಕಂಪನಿಗೆ ತನ್ನದೇ ನಕ್ಷೆ ಇತ್ತು. ಚಿತ್ರಗಳನ್ನು ನೋಡಲು ಮಾತ್ರ ಅನುಮತಿಯಿತ್ತು, ಅದರ ಮೇಲೆ ಗೆರೆ ಎಳೆಯಲು ಯಾರಿಗೂ ಹೇಳಿರಲಿಲ್ಲ, ಹಾಗೆ ಎಳೆದದ್ದನ್ನೆಲ್ಲ ತೆಗೆದುಹಾಕಬೇಕು ಎಂದು ಆ ದೊಡ್ಡ ಕಂಪನಿಯ ವಕೀಲರು ತಿಳಿಸಿದ್ದರು.

ನಾನೂ ಸತೀಶನೂ ಅವರನ್ನು ಗಾಂಧಿ ಬಜಾರಿನ ಹೋಟೆಲಿನಲ್ಲಿ ಕಂಡೆವು. ಎಂದಿನಂತೆ ದೋಸೆ ಹೇಳಿದರು. ನಾವು ಮುಟ್ಟಲಿಲ್ಲ, ಅವರು ತಿಂದರು. ಇದು ನಿಮಗೆ ಯಾವಾಗ ತಿಳಿಯಿತು ಎಂದು ಸತೀಶ ಕೇಳಿದ. ಮಾರಾಟದ ಮಾತು ಬಹಳ ತಿಂಗಳಿಂದ ನಡೆಯುತ್ತಿತ್ತು ಎಂದು, ಮಳೆಯ ವಿಷಯ ಹೇಳುವಷ್ಟು ಸಲೀಸಾಗಿ ಹೇಳಿದರು. ಎಂದರೆ ಅಕ್ಕನಿಗೆ ಬೇಗ ಮುಗಿಸಿ ಎಂದು ಫೋನ್ ಮಾಡುತ್ತಿದ್ದಾಗ ಅವರಿಗೆ ಗೊತ್ತಿತ್ತು. ತೋರಿಸಲು ತುಂಬಿದ ನಕ್ಷೆ ಬೇಕಿತ್ತು, ಅಷ್ಟೆ. ನೀವೇ ಹೇಳಿದಿರಲ್ಲ ಸಾರ್, ಎಲ್ಲರೆದುರು ಹೇಳಿದಿರಿ ಅಂದ ಸತೀಶ.

ಅವರು ಕೈ ತೊಳೆದು ಬಂದು, ಕರವಸ್ತ್ರದಿಂದ ಬೆರಳು ಒಂದೊಂದಾಗಿ ಒರೆಸಿಕೊಂಡರು.

"ನಾನ್ ಯಾವತ್ತಪ್ಪಾ ಬರ್ಕೊಟ್ಟಿದ್ದೆ?"

ಅವರ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ನಮ್ಮ ಮೇಲೆ ಮರುಕವಿತ್ತು. ಅದನ್ನು ನಾನು ಮರೆತಿಲ್ಲ.

ಅಕ್ಕನಿಗೆ ಹೇಗೆ ಹೇಳುವುದೆಂದು ದಾರಿಯುದ್ದಕ್ಕೂ ಯೋಚಿಸಿದೆ. ಹೇಳಿದಾಗ ಅವಳು, ಯಾರು ಅಳಿಸುತ್ತಾರೆ ಎಂದು ಮಾತ್ರ ಕೇಳಿದಳು. ಸತೀಶ ಕಂಪ್ಯೂಟರಿನಿಂದ ಒಟ್ಟಿಗೇ ಮಾಡುತ್ತಾನೆ ಅಂದೆ. ಬೇಡ, ನನ್ನದನ್ನು ನಾನೇ ತೆಗೆಯುತ್ತೇನೆ ಅಂದಳು. ಮರುದಿನ ಬೆಳಿಗ್ಗೆ ಎಂದಿನ ಹೊತ್ತಿಗೆ ಕೂತಳು. ಒಂದು ಬೀದಿ ಆರಿಸಿ, ಅದರ ಹೆಸರನ್ನೊಮ್ಮೆ ಓದಿ, ಒತ್ತಿದರೆ ಅದು ಹೋಗುತ್ತಿತ್ತು. ಹೀಗೇ ಒಂದು ವಾರ. ನಾನು ಕಚೇರಿಯಿಂದ ಬರುವಷ್ಟರಲ್ಲಿ ಬಡಾವಣೆಯೊಂದು ಖಾಲಿಯಾಗಿರುತ್ತಿತ್ತು. ಕೊನೆಗೆ ಉಳಿದದ್ದು ನಾನು ನಡೆದು ತಂದ ಗೆರೆಗಳು, ಅಲ್ಲೊಂದು ಇಲ್ಲೊಂದು. ಅಕ್ಕ ಅವನ್ನು ನೋಡಿ, ನೀನು ಇನ್ನೂ ಸ್ವಲ್ಪ ನಡೀಬೇಕಿತ್ತು ಎಂದು ನಕ್ಕಳು. ಆ ನಗು ನನಗೆ ಬೇಡವಾಗಿತ್ತು.

ಇಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲವೇನೋ. ವ್ಯವಹಾರಸ್ಥರು ವ್ಯವಹಾರ ಮಾಡಿದರು ಎಂದು ಸುಮ್ಮನಾಗುತ್ತಿದ್ದೆ. ಆದರೆ ಅವರು ಮತ್ತೆ ನಮ್ಮ ಮನೆಯ ಮೆಟ್ಟಿಲು ಹತ್ತಿದರು. ಕೈಯಲ್ಲಿ ಸೇಬಿನ ಚೀಲ. ಅಕ್ಕನೆದುರು ಕೂತು, ಆದದ್ದಕ್ಕೆ ತಮಗೆ ನಿದ್ದೆಯೇ ಇಲ್ಲ ಅಂದರು. ಹೊಸ ಕಂಪನಿಯವರು ತಮ್ಮ ನಕ್ಷೆಗೆ ಊರಿನವರ ಸಹಾಯ ಪಡೆಯುತ್ತಿದ್ದಾರೆ, ಚಿತ್ರಗಳು ಇನ್ನೂ ಸ್ಪಷ್ಟವಾಗಿವೆ, ಮೇಡಂ ಅದರಲ್ಲಿ ಕೆಲಸ ಮಾಡಬಹುದು ಅಂದರು. ಅಲ್ಲಿ ಮಾಡಿದ್ದು ಕಂಪನಿಯದೇ ಆಗುತ್ತದೆ, ಅಕ್ಕನದೂ ಅಲ್ಲ, ಊರಿನದೂ ಅಲ್ಲ ಎಂದು ನಾನು ನಡುವೆ ಬಾಯಿ ಹಾಕಿದೆ. ಅವರ ಕೈ ಗಾಳಿಯಲ್ಲಿ ಆಡಿತು. ಅಕ್ಕ ಒಪ್ಪಿದಳು.

ಅವರು ಹೋದ ಮೇಲೆ ನಾನು ಕೂಗಾಡಿದೆ. ಗುಂಪಿನವರು ಏನಂದುಕೊಳ್ಳುತ್ತಾರೆ, ಅಷ್ಟೆಲ್ಲ ಅಳಿಸಿಹಾಕಿಸಿದವರಿಗೇ ಮತ್ತೆ ಹೋಗಿ ದುಡಿಯುವುದೇ ಎಂದು. ಅವಳು ಮುಗಿಯುವವರೆಗೆ ಕೇಳಿದಳು.

"ನಿಂಗೆ ಕಾಲಿದೆ. ಅದಕ್ಕೇ ಕೋಪ ಮಾಡ್ಕೊಳ್ಳೋಕಾಗತ್ತೆ," ಅಂದಳು. "ನಂಗೆ ಆಚೆ ಹೋಗೋಕೆ ಇದೊಂದೇ ದಾರಿ. ಅದು ಯಾರ್ದು ಅಂತ ಕೇಳ್ಕೊಂಡು ಕೂರೋಕಾಗಲ್ಲ ಕಣೇ."

ಗುಂಪಿನವರು ಅಂದುಕೊಳ್ಳುವುದನ್ನು ಅಂದುಕೊಂಡರು. ಕೆಲವರು ಭಾನುವಾರ ನನ್ನೆದುರೇ ಅಂದರು. ನಾನು ಯಂತ್ರ ಹಿಡಿದು ಹೊರಟುಬಿಡುತ್ತಿದ್ದೆ.

ಅಕ್ಕ ಒಂದೂವರೆ ವರ್ಷ ಕಂಪನಿಯ ನಕ್ಷೆ ತಿದ್ದಿದಳು. ತಾನು ಅಳಿಸಿದ ಅದೇ ಬೀದಿಗಳನ್ನು ಅಲ್ಲಿ ಮತ್ತೆ ಎಳೆದಳು. ಒಂದು ಬೆಳಿಗ್ಗೆ ಪಾಸ್‌ವರ್ಡ್ ಹಾಕಿದರೆ ನಕ್ಷೆ ತೆರೆಯಲಿಲ್ಲ. ತಪ್ಪು ಒತ್ತಿರಬೇಕೆಂದು ಮತ್ತೆ ಹಾಕಿದಳು. ಸಂಜೆ ನಾನೂ ಹಾಕಿ ನೋಡಿದೆ. ಅವರಿಗೆ ಫೋನ್ ಮಾಡಿದಳು, ಎತ್ತಲಿಲ್ಲ. ಮರುದಿನವೂ ಎತ್ತಲಿಲ್ಲ. ಬೆಳಿಗ್ಗೆ ತಿಂಡಿಯಾದ ಮೇಲೆ ಒಂದು ಸಲ ಫೋನ್ ಮಾಡುವುದು ಅವಳ ಅಭ್ಯಾಸವೇ ಆಗಿಬಿಟ್ಟಿತು. ಗಂಟೆ ಪೂರ್ತಿ ಹೊಡೆಯುವವರೆಗೆ ಹಿಡಿದಿದ್ದು, ಕೆಳಗಿಡುತ್ತಿದ್ದಳು.

ನಾನು ಗವಿಪುರಕ್ಕೆ ಹೋದೆ. ಗಂಗಾಧರೇಶ್ವರನ ಗುಡಿಯ ಹಿಂದಿನ ಬೀದಿ. ಅವರು ನಡುಮನೆಯ ಉಯ್ಯಾಲೆಯಲ್ಲಿ ಪೇಪರ್ ಓದುತ್ತಿದ್ದರು. ಹೆಂಡತಿ ಬಂದು ನೀರು ಕೊಟ್ಟರು. ನಾನು ಏಕೆ ಬಂದೆನೆಂದು ಹೇಳಿದೆ. ತಾವು ಆ ಕೆಲಸ ಬಿಟ್ಟು ಆರು ತಿಂಗಳಾಯಿತು, ಊರಿನವರಿಂದ ಮಾಡಿಸುವುದನ್ನು ಕಂಪನಿ ನಿಲ್ಲಿಸಿತೆಂದು ಕಾಣುತ್ತದೆ, ತಮಗೂ ಸರಿಯಾಗಿ ಗೊತ್ತಿಲ್ಲ ಅಂದರು. ಫೋನ್ ಎತ್ತಿ ಅಷ್ಟನ್ನೇ ಹೇಳಬಹುದಿತ್ತಲ್ಲ ಎಂದೆ. ಫೋನಿನಲ್ಲಿ ಹೇಳುವ ವಿಷಯವಲ್ಲ ಮೇಡಂ, ಎದುರಿಗೇ ಬಂದು ಹೇಳಬೇಕು ಅಂತಿದ್ದೆ, ಈ ಭಾನುವಾರ ಬರುತ್ತೇನೆ ಅಂದರು. ಹೆಂಡತಿಯ ಕಡೆ ತಿರುಗಿ, ನೆನಪು ಮಾಡು ಅಂದರು.

ನಾನು ನಂಬಲಿಲ್ಲ. ಆದರೂ ಮನೆಗೆ ಬಂದು ಅಕ್ಕನಿಗೆ ಹೇಳಿದೆ. ಭಾನುವಾರ ಅಕ್ಕ ತಲೆಗೆ ಎರೆದುಕೊಂಡು, ಸ್ಕೂಲಿಗೆ ಹೋಗುವಾಗ ಉಡುತ್ತಿದ್ದ ಕಾಟನ್ ಸೀರೆ ಉಟ್ಟು ಕೂತಳು. ಉಪ್ಪಿಟ್ಟು ಮಾಡಿಸಿದಳು. ಮಧ್ಯಾಹ್ನ ಅದನ್ನು ನಾವಿಬ್ಬರೇ ತಿಂದೆವು. ಸಂಜೆ ದೀಪ ಹಚ್ಚಿದ ಮೇಲೆ ಸೀರೆ ಬದಲಾಯಿಸಲು ಕೈಹಿಡಿದು ಎಬ್ಬಿಸಿದೆ. ಅವತ್ತಿನಿಂದ ಅವಳು ಫೋನ್ ಮಾಡುವುದನ್ನು ಬಿಟ್ಟಳು. ಅವರ ವಿಷಯ ಕೆಟ್ಟದ್ದು ಆಡಲಿಲ್ಲ. ಒಳ್ಳೆಯದನ್ನೂ ಆಡಲಿಲ್ಲ. ಕಂಪ್ಯೂಟರಿಗೆ ಬಟ್ಟೆ ಹೊದಿಸಿದಳು.

ನೆನಪಿನ ಪುಸ್ತಕದಲ್ಲಿ ಬೇರೆಯವರು ಏನು ಬರೆದಿರುತ್ತಾರೆಂದು ನಾನು ಊಹಿಸಬಲ್ಲೆ. ದೂರದೃಷ್ಟಿ ಇದ್ದವರು, ಕೊಡುಗೈಯವರು ಎಂದಿರುತ್ತದೆ. ಅವರು ಕೊಟ್ಟದ್ದು ಯಾವುದೂ ಅವರದಾಗಿರಲಿಲ್ಲ. ಮಾಲೀಕರ ವಸ್ತುವನ್ನು ಮಾಲೀಕರಿಗೆ ಹೇಳದೆ ನಮ್ಮ ಕೈಗಿಟ್ಟು ನಮ್ಮಿಂದ ನಮಸ್ಕಾರ ಹೊಡೆಸಿಕೊಂಡರು. ಮಾಲೀಕರು ಕೇಳಿದಾಗ, ಕೈಗಿಟ್ಟವನು ನಾನಲ್ಲ ಅಂದರು. ಕೆಟ್ಟವರು ಎಂದು ಕರೆಯಲು ಬೇಕಾದ ಗಟ್ಟಿತನವೂ ಅವರಲ್ಲಿ ಇರಲಿಲ್ಲ. ಅವರಿಗೆ ಬೇಕಾಗಿದ್ದುದು, ತಾವು ಕೋಣೆಯೊಳಗೆ ಬಂದಾಗ ನಾಲ್ಕು ಮುಖ ಅರಳಬೇಕು ಅಷ್ಟೆ. ಮುಖ ಬಾಡುವ ಜಾಗಕ್ಕೆ ಅವರು ಕಾಲಿಡುತ್ತಿರಲಿಲ್ಲ.

ಅಕ್ಕ ಕಂಪ್ಯೂಟರಿಗೆ ಬಟ್ಟೆ ಹೊದಿಸಿ ಒಂದು ವರ್ಷವಾದ ಮೇಲೆ ಸತೀಶ ಮನೆಗೆ ಬಂದ. ಗುಂಪಿನವರು ಆಡಿದ ಮಾತಿಗೆ ತಾನು ಕ್ಷಮೆ ಕೇಳಬೇಕು ಅಂದ. ಇನ್ನೊಂದು ಕಂಪನಿ ತನ್ನ ಚಿತ್ರಗಳ ಮೇಲೆ ಗೆರೆ ಎಳೆಯಬಹುದೆಂದು ಹೇಳಿದೆ, ಈ ಸಲ ಬರವಣಿಗೆಯಲ್ಲೇ ಹೇಳಿದೆ, ತಾನು ಓದಿ ನೋಡಿದ್ದೇನೆ ಅಂದ. ಅಕ್ಕ ಅವನನ್ನು ಕೂರಿಸಿ, ಇವರಾದರೂ ಎಷ್ಟು ದಿನ ಕೊಡುತ್ತಾರೆ ಎಂದು ಕೇಳಿದಳು.

ಸತೀಶ ನೆಲ ನೋಡಿದ. "ಗೊತ್ತಿಲ್ಲ ಟೀಚರ್. ನಾಳೆ ಬೇಡ ಅಂದ್ರೂ ಅನ್ಬಹುದು. ಎಳೆದಿದ್ದು ಉಳಿಯತ್ತೆ. ಆದ್ರೆ ಚಿತ್ರ ಇರತ್ತೆ ಅಂತ ಹೇಳೋಕಾಗಲ್ಲ."

ಅಕ್ಕ ಕಂಪ್ಯೂಟರಿನ ಮೇಲಿನ ಬಟ್ಟೆ ತೆಗೆಯಲು ನನಗೆ ಕಣ್ಣಲ್ಲೇ ಹೇಳಿದಳು. ಹಾಗಾದರೆ ದೂರದ ಊರುಗಳಿಂದ ಶುರು ಮಾಡುತ್ತೇನೆ, ಹತ್ತಿರದ್ದನ್ನು ಇವಳು ನಡೆದು ತರುತ್ತಾಳೆ ಅಂದಳು. ಇವತ್ತಿಗೂ ಹಾಗೇ ನಡೆಯುತ್ತಿದೆ. ನನಗೂ ಈಗ ಮಂಡಿ ನೋವು, ನಿಧಾನವಾಗಿ ನಡೆಯುತ್ತೇನೆ.

ವೈಕುಂಠ ಸಮಾರಾಧನೆಯ ದಿನ ನಾನು ಗವಿಪುರಕ್ಕೆ ಹೋಗಿದ್ದೆ. ಹೋಗಬಾರದೆಂದಿದ್ದೆ, ಅಕ್ಕ ಕಳಿಸಿದಳು. ನಡುಮನೆಯಲ್ಲಿ ಅವರ ಫೋಟೋಗೆ ದೊಡ್ಡ ಹಾರ ಹಾಕಿದ್ದರು. ಊಟ ಮಾಡದೆ ಹೊರಟೆ. ಅವರ ಹೆಂಡತಿ ಬಾಗಿಲವರೆಗೂ ಬಂದರು.

"ನಿಮ್ಮಕ್ಕ ಹೇಗಿದಾರೆ?" ಅಂದರು. "ಇವರು ಅವರ ವಿಷಯ ಯಾವಾಗ್ಲೂ ಹೇಳ್ತಿದ್ರು. ಹೋಗಿ ನೋಡ್ಬೇಕು, ಹೋಗಿ ನೋಡ್ಬೇಕು ಅಂತ. ಕೊನೇವರ್ಗೂ ಅಂತಿದ್ರು."

ಚೆನ್ನಾಗಿದ್ದಾರೆ ಅಂದೆ. ಗಂಡನನ್ನು ಕಳೆದುಕೊಂಡ ಹೆಂಗಸಿಗೆ ಇನ್ನೇನು ಹೇಳುವುದು. ಆಟೋ ಹಿಡಿಯದೆ ಮನೆಯವರೆಗೂ ನಡೆದೇ ಬಂದೆ. ನನ್ನ ಮಂಡಿಗೂ ಅದು ದೂರವೆನಿಸಲಿಲ್ಲ. ಮನೆಗೆ ಬಂದಾಗ ಅಕ್ಕ ಪರದೆಯಿಂದ ಮುಖ ತಿರುಗಿಸಿ, ಅವರ ಮನೆಯವರು ಏನಂದರು ಎಂದು ಕೇಳಿದಳು. ನಿನ್ನ ಆರೋಗ್ಯ ವಿಚಾರಿಸಿದರು ಅಂದೆ. ಉಳಿದದ್ದನ್ನು ಹೇಳಲಿಲ್ಲ.